ಹಾಡುವುದು ಬಟ್ಟಲೋ, ಒಳಗಿನ ಗಾಳಿಯೋ?

ಮುಂಡಗೋಡದ ಟಿಬೆಟನ್ ಕಾಲೊನಿಯ ಮಠಗಳಲ್ಲಿ ಭಿಕ್ಷುಗಳು ಅಂಗೈಗೆ ಅಂಗೈ ಬಡಿದು ವಾದ ಮಾಡುವುದನ್ನು ಪ್ರವಾಸಿಗರು ಬೆರಗಿನಿಂದ ನೋಡುತ್ತಾರೆ. ಚಪ್ಪಾಳೆಗಿಂತ ಮುಖ್ಯವಾದದ್ದು ಅಲ್ಲಿನ ಕಟ್ಟಳೆ: ಕುಳಿತವನು ಒಪ್ಪಿಕೊಂಡ ಮಾತನ್ನು ನಿಂತವನು ಪ್ರಶ್ನೆಯ ಮೇಲೆ ಪ್ರಶ್ನೆ ಹಾಕಿ ಅಲುಗಾಡಿಸಿ ನೋಡುತ್ತಾನೆ. 1966ರಲ್ಲಿ ಶುರುವಾದ ಈ ಕಾಲೊನಿಯ ಡ್ರೆಪುಂಗ್ ಮಠದಲ್ಲಿ 2013ರ ಜನವರಿಯಲ್ಲಿ ದಲಾಯಿ ಲಾಮಾ ಅವರ ಸಮ್ಮುಖದಲ್ಲಿ ವಿಜ್ಞಾನಿಗಳೂ ಭಿಕ್ಷುಗಳೂ ದಿನಗಟ್ಟಲೆ ಚರ್ಚಿಸಿದ್ದರು. ಮನೆಯಲ್ಲಿ ಮಾಡುವ ಮೋಜಿನ ಪ್ರಯೋಗಗಳಿಗೂ ಇಂಥದೇ ಜಗ್ಗಾಟ ಬೇಕು. ಟಿಬೆಟ್ ಹೆಸರಿನಲ್ಲೇ ಲೋಕವೆಲ್ಲ ಮಾರಾಟವಾಗುವ ‘ಹಾಡುವ ಬಟ್ಟಲು’ ಅದಕ್ಕೆ ಹೇಳಿ ಮಾಡಿಸಿದಂತಿದೆ.

ಕಂಚಿನ ಬಟ್ಟಲಿನ ಅಂಚಿಗೆ ಮರದ ಕೋಲು ಒತ್ತಿ ಸುತ್ತಿಸಿದರೆ ನಾದ ಏಳುತ್ತದೆ. ಬಟ್ಟಲಿಲ್ಲದಿದ್ದರೆ ಕಾಲಿರುವ ತೆಳು ಗಾಜಿನ ಲೋಟ ಸಾಕು. ಬೆರಳನ್ನು ಸೋಪಿನಿಂದ ತೊಳೆದು ಜಿಡ್ಡು ತೆಗೆದು, ನೀರಿನಲ್ಲಿ ಅದ್ದಿ, ಅಂಚಿನ ಮೇಲೆ ನಿಧಾನವಾಗಿ ಸುತ್ತಿಸಿ. ಬೆರಳು ಕ್ಷಣಕ್ಕೆ ನೂರಾರು ಸಲ ಅಂಟಿ ಜಾರುತ್ತದೆ. ಪ್ರತಿ ಜಾರಿಗೂ ಗಾಜು ಒಂದು ಕಡೆ ಒಳಕ್ಕೆ, ಇನ್ನೊಂದು ಕಡೆ ಹೊರಕ್ಕೆ ಬಾಗುತ್ತದೆ. ಪಿಟೀಲಿನ ಕಮಾನು ತಂತಿಯನ್ನು ನುಡಿಸುವುದೂ ಹೀಗೆಯೇ. ಅಂದರೆ ಹಾಡುವುದು ಗೋಡೆ, ಗಾಳಿಯಲ್ಲ ಎಂಬುದು ನಮ್ಮ ಪಕ್ಷ. ಪುರಾವೆ? ಲೋಟಕ್ಕೆ ನೀರು ತುಂಬಿ ನೋಡಿ, ಸ್ವರ ತಗ್ಗುತ್ತದೆ. ನೀರನ್ನೂ ತನ್ನ ಜೊತೆ ಅಲುಗಿಸಬೇಕಾದ ಗೋಡೆ ನಿಧಾನವಾಗುತ್ತದೆ. ತಳದಲ್ಲಿ ಸ್ವಲ್ಪ ನೀರಿದ್ದರೆ ವ್ಯತ್ಯಾಸ ಕಿವಿಗೆ ಬೀಳುವುದೇ ಕಷ್ಟ. ನೀರು ಅಂಚಿನ ಸಮೀಪ ಬಂದಂತೆ ಸ್ವರ ಸರಸರನೆ ಇಳಿಯುತ್ತದೆ, ಏಕೆಂದರೆ ಹೆಚ್ಚು ಅಲುಗುವುದು ಅಂಚೇ. ಜಲತರಂಗ ನುಡಿಸುವವರು ಬಟ್ಟಲುಗಳನ್ನು ಶ್ರುತಿಗೊಳಿಸುವುದು ನೀರು ಹೆಚ್ಚುಕಡಿಮೆ ಮಾಡಿಯೇ.

ನಲ್ಲಿಯ ಕೆಳಗೆ ಕೊಡ ತುಂಬುವಾಗ ಸ್ವರ ಏರುತ್ತದಲ್ಲ, ಇಳಿಯುವುದಿಲ್ಲವಲ್ಲ ಎಂದು ಯಾರಾದರೂ ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ. ಅಲ್ಲಿ ನುಡಿಯುವುದು ನೀರಿನ ಮೇಲಿನ ಗಾಳಿ. ನೀರು ಏರಿದಂತೆ ಗಾಳಿಯ ಜಾಗ ಕುಗ್ಗುತ್ತದೆ, ಸ್ವರ ಹೆಚ್ಚುತ್ತದೆ. ಬಾಟಲಿಯ ಬಾಯಿಗೆ ಅಡ್ಡಲಾಗಿ ಊದಿದರೂ ಅಷ್ಟೇ. ಹಾಗಿದ್ದರೂ ಲೋಟದೊಳಗಿನ ಗಾಳಿಗೆ ಬೇರೇನೋ ಪಾಲಿರಬಹುದು ಎಂಬ ಹಟವಾದಿಗೆ ಒಂದು ಬಕೆಟ್ ನೀರು ಕೊಡಿ. ಖಾಲಿ ಲೋಟವನ್ನು ನೆಟ್ಟಗೆ, ಅಂಚು ಮಾತ್ರ ಮೇಲಿರುವಂತೆ ನೀರಿಗಿಳಿಸಿ ಚಮಚದಿಂದ ಮೆಲ್ಲಗೆ ತಟ್ಟಲಿ. ಒಳಗಿನ ಗಾಳಿ ಇದ್ದಷ್ಟೇ ಇದೆ, ಸ್ವರ ಮಾತ್ರ ತಗ್ಗಿದೆ. ತಟ್ಟುವುದೂ ಉಜ್ಜುವುದೂ ಬೇರೆಯಲ್ಲವೇ ಎಂದರೆ, ಒಂದೇ ಲೋಟವನ್ನು ಎರಡೂ ರೀತಿ ನುಡಿಸಿ ಸ್ವರ ಹೋಲಿಸಿದರಾಯಿತು.

ತುಂಬಿದ ಲೋಟವನ್ನು ಉಜ್ಜುವಾಗ ಅಂಚಿನ ಬಳಿ ಸಣ್ಣ ಅಲೆಗಳು ಎದ್ದು ಬೆರಳಿನ ಜೊತೆಗೇ ತಿರುಗುತ್ತವೆ. ಕಂಪಿಸುವ ದ್ರವದ ಮೇಲೆ ಏಳುವ ಅಲೆಗಳನ್ನು ಮೈಕೆಲ್ ಫ್ಯಾರಡೆ 1831ರಲ್ಲೇ ವಿವರಿಸಿದ್ದರು. 2011ರಲ್ಲಿ ಡೆನಿಸ್ ಟರ್ವಾನ್ಯೆ ಮತ್ತು ಜಾನ್ ಬುಷ್ ಟಿಬೆಟನ್ ಬಟ್ಟಲುಗಳನ್ನೇ ಪ್ರಯೋಗಶಾಲೆಗೆ ತಂದು, ಕಂಪನ ಜೋರಾದಾಗ ಹನಿಗಳು ಚಿಮ್ಮಿ ನೀರಿನ ಮೇಲೆಯೇ ಪುಟಿಯುವುದನ್ನು ತೋರಿಸಿದರು. ಈ ಅಲೆಗಳನ್ನೇ ತೋರಿಸಿ, ದೇಹದಲ್ಲೂ ನೀರಿದೆ, ಆದ್ದರಿಂದ ಬಟ್ಟಲಿನ ನಾದ ರೋಗ ವಾಸಿ ಮಾಡುತ್ತದೆ ಎನ್ನುವವರಿದ್ದಾರೆ. ನಾದ ಕೇಳಿ ಮನಸ್ಸು ಹಗುರಾಗಬಹುದು, ಅದಕ್ಕೆ ತಕರಾರಿಲ್ಲ. ಆದರೆ ನೀರಿನಲ್ಲಿ ಅಲೆ ಎದ್ದದ್ದು ಗೋಡೆ ಅಲುಗಿತು ಎಂಬುದಕ್ಕಷ್ಟೇ ಸಾಕ್ಷಿ. ರೋಗದ ವಿಚಾರದಲ್ಲಿ ಅದು ಏನನ್ನೂ ಹೇಳುವುದಿಲ್ಲ.