ಹಳದಿಯಾಗದ ಕಾಮಾಲೆ

ಎರಡು ವರ್ಷದ ಹಿಂದೆ, ಮಳೆಗಾಲದಲ್ಲಿ, ನನಗೆ ಕಾಮಾಲೆ ಆಯ್ತು. ಬಸವೇಶ್ವರನಗರದ ಬಾಡಿಗೆ ಮನೆ, ಟ್ಯಾಂಕರ್ ನೀರು ತುಂಬಿದ ಸಂಪು, ಸಂಜೆ ವಿಜಯನಗರದಲ್ಲಿ ಮೆಟ್ರೋ ಇಳಿದರೆ ಪಾನಿಪೂರಿ. ಯಾವುದರಿಂದ ಬಂತೋ ಹೇಳೋಕಾಗಲ್ಲ. ವೈರಸ್ ಹೊಟ್ಟೆಗೆ ಹೋದ ಮೇಲೆ ಲಕ್ಷಣ ಕಾಣಿಸೋಕೆ ಎರಡರಿಂದ ಏಳು ವಾರ ಬೇಕು. ಅಷ್ಟು ಹಿಂದೆ ತಿಂದದ್ದು ಯಾರಿಗೆ ನೆನಪಿರುತ್ತೆ? ಮೊದಲು ಜ್ವರ, ಆಮೇಲೆ ಅನ್ನ ಕಂಡರೆ ವಾಕರಿಕೆ, ಮೂತ್ರ ಡಿಕಾಕ್ಷನ್ ಬಣ್ಣ, ಕೊನೆಗೆ ಕಣ್ಣು ಹಳದಿ. ಅಮ್ಮ ಊರಿಂದ ನೆಲನೆಲ್ಲಿ ಕಿತ್ತುಕೊಂಡು ಓಡಿ ಬಂದರು. ಪರೀಕ್ಷೆಯಲ್ಲಿ ಹೆಪಟೈಟಿಸ್ ಎ ಅಂತ ಬಂತು. ತಿಂಗಳಾಗುವಷ್ಟರಲ್ಲಿ ಮತ್ತೆ ಲಾಗಿನ್ ಆದೆ. ಕೀರ್ತಿಯೆಲ್ಲ ನೆಲನೆಲ್ಲಿಗೆ.

ಹೋದ ವರ್ಷ ಹೆಂಡತಿ ಬಸುರಿಯಾದಾಗ ಮಾಮೂಲಿ ರಕ್ತಪರೀಕ್ಷೆ ಮಾಡಿಸಿದೆವು. ಮೊಬೈಲಿಗೆ ಬಂದ ರಿಪೋರ್ಟಿನಲ್ಲಿ ಒಂದು ಸಾಲು ಕೆಂಪಗಿತ್ತು: ಎಚ್‌ಬಿಎಸ್‌ಎಜಿ ಪಾಸಿಟಿವ್. ಅಂದ್ರೆ ಹೆಪಟೈಟಿಸ್ ಬಿ. ಇವಳ ಕಣ್ಣು ಒಂದು ದಿನವೂ ಹಳದಿಯಾದದ್ದಿಲ್ಲ. (ಅವಳನ್ನು ಕೇಳಿಕೊಂಡೇ ಇದನ್ನು ಬರೀತಿದ್ದೀನಿ.)

“ನಿಂದೇ ಅಂಟಿರಬೇಕು ಕಣೋ” ಅಂದರು ಅಮ್ಮ. ಅಡುಗೆಮನೆಯಲ್ಲಿ ಇವಳ ತಟ್ಟೆ, ಲೋಟ ಬೇರೆಯಾದವು. ಇವಳು ಜಗಳ ಮಾಡಲಿಲ್ಲ. ನನಗೆ ಹೆಚ್ಚು ನೋವಾಗಿದ್ದು ಅದೇ.

ಎ, ಬಿ, ಸಿ, ಡಿ, ಇ ಅಂತ ಹೆಸರಿದೆ ಅಂತ ಒಂದೇ ಸಾಫ್ಟ್‌ವೇರಿನ ವರ್ಷನ್‌ಗಳು ಅಂದ್ಕೋಬೇಡಿ. ಐದೂ ಬೇರೆ ಬೇರೆ ವೈರಸ್‌ಗಳು, ದಾಳಿ ಮಾಡೋ ಜಾಗ ಮಾತ್ರ ಒಂದೇ, ಯಕೃತ್ತು. ಎ ಯಾವತ್ತೂ ಬಿ ಆಗಲ್ಲ. ಎ, ಇ ಬರೋದು ಕೊಳಚೆ ಸೇರಿದ ನೀರು, ಆಹಾರದಿಂದ. ನೀರು ಕುದಿಸಿ ಕುಡಿದರೆ ಅರ್ಧ ಚಿಂತೆ ಇಲ್ಲ. ಹೆಚ್ಚಿನವರಿಗೆ ತಾನಾಗಿ ವಾಸಿಯಾಗುತ್ತೆ, ಆದರೆ ಬಸುರಿಯರಿಗೆ ಇ ಬಂದರೆ ಪ್ರಾಣಕ್ಕೇ ಅಪಾಯ. ಕಾಮಾಲೆಯಾದವರು ಮಂಕಾದರೆ, ತೊದಲಿದರೆ, ರಕ್ತಸ್ರಾವವಾದರೆ ಕಾಯಬೇಡಿ, ಆಸ್ಪತ್ರೆಗೆ ಓಡಿ. ಮದ್ಯ ಬೇಡ, ಪ್ಯಾರಾಸಿಟಮಾಲ್ ಕೂಡ ವೈದ್ಯರನ್ನು ಕೇಳಿಯೇ.

ನೆಲನೆಲ್ಲಿಗೂ ಒಂದು ಕಥೆ ಇದೆ. ಬಿ ವೈರಸ್ ಕಂಡುಹಿಡಿದು 1976ರಲ್ಲಿ ನೊಬೆಲ್ ಪಡೆದ ಬರೂಚ್ ಬ್ಲಂಬರ್ಗ್ ಅವರೇ ಮದ್ರಾಸಿನ ಸಂಶೋಧಕರ ಜೊತೆ ಅದನ್ನು ಪರೀಕ್ಷಿಸಿದ್ದರು. 1988ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂದ ಫಲಿತಾಂಶ ಆಸೆ ಹುಟ್ಟಿಸಿತ್ತು. ಆಮೇಲಿನ ಪ್ರಯೋಗಗಳಲ್ಲಿ ಅದು ನಿಲ್ಲಲಿಲ್ಲ. ನನ್ನ ಎ ಹೇಗೂ ಹೋಗ್ತಿತ್ತು, ಅಮ್ಮನ ಸೊಪ್ಪಿಗೆ ಹೆಸರು ಬಂತು. ಇದನ್ನು ಅಮ್ಮನಿಗೆ ಇನ್ನೂ ಹೇಳಿಲ್ಲ.

ಬಿ, ಸಿ ದಾರಿ ರಕ್ತದ್ದು: ಬೇರೆಯವರಿಗೆ ಬಳಸಿದ ಸೂಜಿ, ಸಲೂನಿನ ಹಳೇ ಬ್ಲೇಡು, ಟ್ಯಾಟೂ. ಬಿ ಲೈಂಗಿಕ ಸಂಪರ್ಕದಿಂದಲೂ, ಹೆರಿಗೆಯಲ್ಲಿ ತಾಯಿಯಿಂದ ಮಗುವಿಗೂ ಹರಡುತ್ತೆ. ಡಿ ಬರೋದು ಬಿ ಇದ್ದವರಿಗೆ ಮಾತ್ರ. ಸಿ ಗೆ ಲಸಿಕೆ ಇಲ್ಲ, ಆದರೆ ಸಾಮಾನ್ಯವಾಗಿ ಹನ್ನೆರಡು ವಾರದ ಮಾತ್ರೆಯಲ್ಲಿ ಶೇ. 95ಕ್ಕೂ ಹೆಚ್ಚು ಜನ ಗುಣವಾಗ್ತಾರೆ. ಬಿ ಗೆ ಉಲ್ಟಾ: ಲಸಿಕೆ ಇದೆ, ಒಳಗೆ ನೆಲೆಯೂರಿದರೆ ಪೂರ್ತಿ ಓಡಿಸೋದು ಕಷ್ಟ. ಸದ್ದಿಲ್ಲದೆ ಹತ್ತಾರು ವರ್ಷ ಕೂತು ಸಿರೋಸಿಸ್, ಕ್ಯಾನ್ಸರ್ ತನಕ ಒಯ್ಯಬಹುದು. ದೊಡ್ಡವರಾದ ಮೇಲೆ ಅಂಟಿದರೆ ನೂರಕ್ಕೆ ಐವರಲ್ಲೂ ಉಳಿಯಲ್ಲ. ಹುಟ್ಟುವಾಗಲೇ ಅಂಟಿದರೆ ತೊಂಬತ್ತು ಮಕ್ಕಳಲ್ಲಿ ಉಳಿದುಬಿಡುತ್ತೆ.

ಅದಕ್ಕೇ ವೈದ್ಯರು ಅತ್ತೆಯವರನ್ನೂ ಪರೀಕ್ಷೆಗೆ ಕರೆಸಿದರು. ಅವರಿಗೂ ಪಾಸಿಟಿವ್. “ನನ್ನಿಂದ್ಲೇ ಬಂತಾ ನನ್ ಮಗಳಿಗೆ?” ಅಂತ ಕ್ಲಿನಿಕ್ಕಿನ ಬೆಂಚಿನ ಮೇಲೆ ಕೂತು ಅತ್ತರು. ಅವರ ತಪ್ಪೇನು? ಸರ್ಕಾರದ ಲಸಿಕೆ ಪಟ್ಟಿಗೆ ಇದು ಪ್ರಾಯೋಗಿಕವಾಗಿ ಸೇರಿದ್ದು 2002ರಲ್ಲಿ, ದೇಶಕ್ಕೆಲ್ಲ ಬಂದದ್ದು 2011ರ ಹೊತ್ತಿಗೆ. ಮೂವತ್ತರ ಆಸುಪಾಸಿನ ನಮ್ಮಲ್ಲಿ ಎಷ್ಟೋ ಜನಕ್ಕೆ ಆಗಿರೋದೇ ಇಲ್ಲ. ನನಗೂ ಆಗಿರಲಿಲ್ಲ. ನೆಗೆಟಿವ್ ಬಂದ ಮೇಲೆ ಆರು ತಿಂಗಳಲ್ಲಿ ಮೂರು ಡೋಸ್ ಹಾಕಿಸಿಕೊಂಡೆ.

ಮುಂದಿನ ಚೆಕಪ್ಪಿಗೆ ಅಮ್ಮನನ್ನೂ ಕರಕೊಂಡು ಹೋದೆ. ಒಟ್ಟಿಗೆ ಊಟ ಮಾಡಿದರೆ, ಅಪ್ಪಿಕೊಂಡರೆ ಇದು ಬರಲ್ಲಮ್ಮ ಅಂತ ವೈದ್ಯರು ಹೇಳಿದರು. ಸಂಜೆ ನೋಡಿದರೆ ಇವಳ ತಟ್ಟೆ ಉಳಿದ ತಟ್ಟೆಗಳ ಜೊತೆ ಸೇರಿತ್ತು.

ವೈರಸ್ ಪ್ರಮಾಣ ಜಾಸ್ತಿ ಇದ್ದದ್ದರಿಂದ ಕೊನೆಯ ಮೂರು ತಿಂಗಳು ಇವಳಿಗೆ ಟೆನೊಫೊವಿರ್ ಮಾತ್ರೆ ಕೊಟ್ಟರು. ಮಗು ಹುಟ್ಟಿದ ಹನ್ನೆರಡು ಗಂಟೆಯೊಳಗೆ ಒಂದು ತೊಡೆಗೆ ಲಸಿಕೆ, ಇನ್ನೊಂದಕ್ಕೆ ಇಮ್ಯುನೊಗ್ಲಾಬ್ಯುಲಿನ್. ಎದೆಹಾಲು ಕುಡಿಸೋಕೆ ಅಡ್ಡಿ ಇಲ್ಲ ಅಂದರು. ಖರ್ಚಿನ ಭಯ ಇರೋರಿಗೆ, 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಸರ್ಕಾರಿ ಕೇಂದ್ರಗಳಲ್ಲಿ ಬಿ, ಸಿ ಪರೀಕ್ಷೆ, ಔಷಧಿ ಉಚಿತ.

ಮಗಳಿಗೀಗ ಎಂಟು ತಿಂಗಳು. ಒಂಬತ್ತು ತುಂಬಿದ ಮೇಲೆ ಅವಳ ರಕ್ತಪರೀಕ್ಷೆ. ತಾರೀಖು ಬರೆದು ಫ್ರಿಡ್ಜಿನ ಬಾಗಿಲಿಗೆ ಅಂಟಿಸಿದ್ದೀವಿ. ಅಮ್ಮ ದಿನಾ ಬೆಳಗ್ಗೆ ಅದನ್ನೊಮ್ಮೆ ನೋಡಿಯೇ ಹಾಲು ತೆಗೀತಾರೆ.