ಟ್ಯಾರೋ ಕಾರ್ಡು, ಫಾಲ್ ಮತ್ತು ಕಳೆದುಹೋದ ಐದು ತಿಂಗಳು

ದವಾಖಾನೆಗೆ ಬರುವ ಕೆಲವರು ಕುಳಿತ ಕೂಡಲೇ ಏನೂ ಹೇಳದೆ ಕೈ ಮುಂದೆ ಚಾಚುತ್ತಾರೆ. "ಏನು ತೊಂದರೆ?" ಎಂದರೆ, "ನಾಡಿ ನೋಡಿ ನೀವೇ ಹೇಳಿ ಹಕೀಮ್ ಸಾಹೇಬ್" ಎನ್ನುತ್ತಾರೆ. ಯುನಾನಿಯಲ್ಲಿ ನಬ್ಝ್, ಅಂದರೆ ನಾಡಿ ಪರೀಕ್ಷೆಗೆ ದೊಡ್ಡ ಸ್ಥಾನವಿದೆ, ನಿಜ. ಆದರೆ ಅದು ಭವಿಷ್ಯ ಹೇಳುವ ವಿದ್ಯೆಯಲ್ಲ. ಎಷ್ಟು ದಿನದಿಂದ ತೊಂದರೆ ಇದೆ, ನಿದ್ದೆ ಹೇಗಿದೆ, ಏನು ಉಣ್ಣುತ್ತೀರಿ ಎಂದು ನೀವು ಬಾಯಿಬಿಟ್ಟು ಹೇಳದಿದ್ದರೆ ಯಾವ ಹಕೀಮನಿಗೂ ರೋಗ ಪೂರ್ತಿ ತಿಳಿಯದು.

ಕಳೆದ ವರ್ಷ ಬಂದ ಒಬ್ಬ ಸಹೋದರಿಯೂ ಹಾಗೆಯೇ ಕೈ ಚಾಚಿದರು. ವಯಸ್ಸು 40ರ ಆಸುಪಾಸು. ಅವರ ಅನುಮತಿ ಪಡೆದು, ಗುರುತು ಸಿಗದಂತೆ ಇದನ್ನು ಬರೆಯುತ್ತಿದ್ದೇನೆ. ಮಾತನಾಡಿಸಿದಾಗ ಗೊತ್ತಾಯಿತು, ಎದೆಯಲ್ಲಿ ಗಂಟೊಂದು ಕೈಗೆ ಸಿಕ್ಕಿ ಐದು ತಿಂಗಳಾಗಿತ್ತು. ನೋವಿರಲಿಲ್ಲ. ಮನೆಯಲ್ಲಿ ಹೇಳಲು ಸಂಕೋಚ. ಮೊಬೈಲಿನಲ್ಲಿ ಟ್ಯಾರೋ ಕಾರ್ಡು ನೋಡಿ ಭವಿಷ್ಯ ಹೇಳುವ ಮಹಿಳೆಯೊಬ್ಬರನ್ನು ಕೇಳಿದ್ದರು. ಒಂದು ಭಾರ ನಿಮ್ಮಿಂದ ಇಳಿಯಲಿದೆ, ಸ್ವಲ್ಪ ಕಾಯಿರಿ ಎಂಬ ಉತ್ತರ ಬಂದಿತ್ತು. ಇವರು ಕಾದರು.

ಇದು ನನ್ನ ಔಷಧಿಯಿಂದ ಆಗುವ ಕೆಲಸವಲ್ಲ ಎಂದು ಹೇಳಿ ಅಂದೇ ಶಸ್ತ್ರವೈದ್ಯರ ಬಳಿಗೆ ಕಳುಹಿಸಿದೆ. ಅದು ಕ್ಯಾನ್ಸರ್ ಆಗಿತ್ತು, ಕಂಕುಳಿಗೂ ಹರಡಿತ್ತು. ದೀರ್ಘ ಚಿಕಿತ್ಸೆ ಮುಗಿಸಿ ಈಗ ತಪಾಸಣೆಗೆ ಹೋಗಿಬರುತ್ತಿದ್ದಾರೆ, ಅಲ್‌ಹಮ್ದುಲಿಲ್ಲಾಹ್. ಆದರೆ ಆ ಐದು ತಿಂಗಳನ್ನು ಯಾರೂ ಮರಳಿ ಕೊಡಲಾರರು.

ಟ್ಯಾರೋ ನಮ್ಮ ಮನೆಗಳ ವಿಷಯವಲ್ಲ ಎನ್ನಬೇಡಿ. ಗಿಣಿಶಾಸ್ತ್ರದವನು ಕಾರ್ಡು ತೆಗೆಸುತ್ತಾನೆ, ಬಾಬಾ ಫಾಲ್ ತೆಗೆಯುತ್ತಾನೆ, ಮೊಬೈಲಿನಲ್ಲಿ ಟ್ಯಾರೋ ತೆರೆದುಕೊಳ್ಳುತ್ತದೆ. ಹೆಸರು ಬೇರೆ, ಕೆಲಸ ಒಂದೇ. ಟ್ಯಾರೋದ 78 ಕಾರ್ಡುಗಳಲ್ಲಿ ಗೂಢ ಜ್ಞಾನವೇನೂ ಇಲ್ಲ. 15ನೇ ಶತಮಾನದ ಇಟಲಿಯಲ್ಲಿ ಅವು ಇಸ್ಪೀಟಿನಂತೆ ಆಡುವ ಎಲೆಗಳಾಗಿದ್ದವು. ಅವುಗಳಿಂದ ಭವಿಷ್ಯ ಹೇಳುವ ರೂಢಿ ಬೆಳೆದದ್ದು 18ನೇ ಶತಮಾನದ ಫ್ರಾನ್ಸಿನಲ್ಲಿ.

"ಕಾರ್ಡು ಧೈರ್ಯ ಕೊಡುತ್ತದೆ, ಮನಸ್ಸಿನಲ್ಲಿರುವುದನ್ನು ಹೊರಗೆ ತರುತ್ತದೆ" ಎಂದು ಅದನ್ನು ನಂಬುವವರು ಹೇಳುತ್ತಾರೆ. ಇದನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ಆ ಸಹೋದರಿಯ ಮಾತನ್ನು ಅರ್ಧ ಗಂಟೆ ಗದರಿಸದೆ ಕೇಳಿದವರು ಆ ಅಪರಿಚಿತ ಮಹಿಳೆ ಒಬ್ಬರೇ. ಮನಸ್ಸು ಹಗುರವಾದದ್ದು ಕಾರ್ಡಿನಿಂದಲ್ಲ, ಕೇಳುವ ಕಿವಿ ಸಿಕ್ಕಿದ್ದರಿಂದ. ಆ ಕಿವಿ ನಮ್ಮ ಮನೆಯಲ್ಲಿ ಏಕೆ ಸಿಗಲಿಲ್ಲ ಎಂದು ನಾವು ಕೇಳಿಕೊಳ್ಳಬೇಕು.

ಇನ್ನು "ನನ್ನ ವಿಷಯ ಸರಿಯಾಗಿ ಹೇಳಿದರು" ಎಂಬ ಬೆರಗು. ಅಮೆರಿಕದ ಮನಶ್ಶಾಸ್ತ್ರಜ್ಞ ಬರ್ಟ್ರಾಂ ಫೋರರ್ 1948ರಲ್ಲಿ ತನ್ನ 39 ವಿದ್ಯಾರ್ಥಿಗಳಿಗೆ ಅವರವರ ಸ್ವಭಾವದ ವರದಿ ಎಂದು ಹೇಳಿ ಒಂದೊಂದು ಹಾಳೆ ಕೊಟ್ಟ. ವಿದ್ಯಾರ್ಥಿಗಳು ಅದಕ್ಕೆ 5ರಲ್ಲಿ ಸರಾಸರಿ 4ಕ್ಕಿಂತ ಹೆಚ್ಚು ಅಂಕ ಕೊಟ್ಟರು. ಎಲ್ಲ ಹಾಳೆಗಳಲ್ಲೂ ಇದ್ದದ್ದು ಒಂದೇ ಬರಹ, ಅದೂ ಬಹುಪಾಲು ಜ್ಯೋತಿಷ್ಯದ ಪುಸ್ತಕವೊಂದರಿಂದ ಆರಿಸಿದ್ದು. ಎಲ್ಲರಿಗೂ ಒಪ್ಪುವ ಮಾತನ್ನು ಪ್ರತಿಯೊಬ್ಬರೂ ತನಗೇ ಹೇಳಿದ್ದೆಂದು ಭಾವಿಸುತ್ತಾರೆ. "ಭಾರ ಇಳಿಯಲಿದೆ" ಎಂಬುದೂ ಅಂಥ ಮಾತೇ.

ಕಾರ್ಡಿನ ದೊಡ್ಡ ಅಪಾಯ ಸುಳ್ಳು ಹೇಳುವುದಷ್ಟೇ ಅಲ್ಲ. ಏನೂ ಮಾಡದೆಯೇ ಏನೋ ಮಾಡಿದ ಸಮಾಧಾನವನ್ನು ಅದು ಕೊಡುತ್ತದೆ. ಕೇಳಿಯಾಯಿತು, ಉತ್ತರ ಸಿಕ್ಕಿತು, ಇನ್ನು ಕಾಯುವುದು. ಮದುವೆ, ವ್ಯಾಪಾರದ ವಿಷಯದಲ್ಲಿ ಹಾಗೆ ಕಾದರೆ ಅವಕಾಶ ತಪ್ಪಬಹುದು. ಕಾಯಿಲೆಯಲ್ಲಾದರೋ ನಾವು ಕಾಯುತ್ತಿರುವಾಗ ರೋಗ ಬೆಳೆಯುತ್ತಿರುತ್ತದೆ.

ನಮ್ಮ ದೀನ್ ಇದಕ್ಕೆ ಬೇರೆ ದಾರಿ ತೋರಿಸಿದೆ. ಬಾಣಗಳಿಂದ ಶಕುನ ನೋಡುವುದನ್ನು ಪವಿತ್ರ ಕುರ್‌ಆನ್ ಸೂರಃ ಅಲ್ ಮಾಇದಾದಲ್ಲಿ ಮದ್ಯ, ಜೂಜುಗಳ ಜೊತೆ ಸೇರಿಸಿ ನಿಷೇಧಿಸಿದೆ. ಅದರ ಬದಲು ಪ್ರವಾದಿ(ಸ) ಕಲಿಸಿದ್ದು ಇಸ್ತಿಖಾರಾ. ಅದು ಭವಿಷ್ಯ ತಿಳಿಯುವ ಉಪಾಯವಲ್ಲ. ನಿರ್ಧಾರ ಮಾಡಬೇಕಾದವರು ತಾವೇ ನಮಾಝ್ ಮಾಡಿ, ಒಳಿತಿನ ದಾರಿ ಸುಗಮವಾಗಲೆಂದು ಬೇಡಿ, ಮುಂದಡಿ ಇಡುವುದು.

ತಕ್ದೀರ್‌ನಲ್ಲಿ ಇದ್ದದ್ದು ಆಗುತ್ತದೆ ಎಂದು ಸುಮ್ಮನಿರುವವರು ಹಝ್ರತ್ ಉಮರ್(ರ)ರನ್ನು ನೆನೆಯಲಿ. ಶಾಮ್‌ಗೆ ಹೊರಟಿದ್ದ ಅವರಿಗೆ ದಾರಿಯಲ್ಲಿ ಅಲ್ಲಿ ಪ್ಲೇಗ್ ಹರಡಿದೆಯೆಂಬ ಸುದ್ದಿ ತಿಳಿಯಿತು. ಸಹಾಬಿಗಳೊಂದಿಗೆ ಸಮಾಲೋಚಿಸಿ ಹಿಂದಿರುಗಲು ನಿರ್ಧರಿಸಿದರು. ಇದು ಅಲ್ಲಾಹನ ವಿಧಿಯಿಂದ ಓಡಿಹೋಗುವುದಲ್ಲವೇ ಎಂದು ಅಬೂ ಉಬೈದಾ(ರ) ಕೇಳಿದಾಗ, ಹೋಗುತ್ತಿರುವುದೂ ಅಲ್ಲಾಹನ ವಿಧಿಯ ಕಡೆಗೇ ಎಂದು ತಿಳಿಹೇಳಿದರು. ತಿಳಿದವರನ್ನು ಕೇಳುವುದು, ನಿರ್ಧರಿಸುವುದು, ಫಲಿತಾಂಶವನ್ನು ಅಲ್ಲಾಹನಿಗೆ ಬಿಡುವುದು. ತವಕ್ಕುಲ್ ಎಂದರೆ ಇದೇ.

ಯುನಾನಿಯೂ ಇದನ್ನೇ ಹೇಳುತ್ತದೆ. ಗಾಳಿ, ಅನ್ನಪಾನ, ದೇಹದ ಚಲನೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ, ನಿದ್ರೆ ಮತ್ತು ಎಚ್ಚರ, ದೇಹದಲ್ಲಿ ಉಳಿಯಬೇಕಾದದ್ದು ಮತ್ತು ಹೊರಹೋಗಬೇಕಾದದ್ದು. ಈ ಆರನ್ನು ಅದು ಆರೋಗ್ಯದ ಆಧಾರವೆನ್ನುತ್ತದೆ. ಇವುಗಳಲ್ಲಿ ಹೆಚ್ಚಿನವು ನಮ್ಮ ದಿನಚರಿಯಲ್ಲೇ ಇವೆ. ವೈದ್ಯಶಾಸ್ತ್ರದ ಮಹಾನ್ ವಿದ್ವಾಂಸ ಇಬ್ನ್ ಸೀನಾ ಜ್ಯೋತಿಷ್ಯವನ್ನು ಖಂಡಿಸಿ ಒಂದು ಗ್ರಂಥವನ್ನೇ ಬರೆದಿದ್ದಾರೆ.

ಹೊಣೆ ಎಂದರೆ ಅಪರಾಧವಲ್ಲ. ಕಾಯಿಲೆ ಬಂದದ್ದು ನಿಮ್ಮ ತಪ್ಪಲ್ಲ, ಮುಂದಿನ ಹೆಜ್ಜೆ ಮಾತ್ರ ನಿಮ್ಮದು. ಎದೆಯಲ್ಲಿ ಅಥವಾ ಕಂಕುಳಲ್ಲಿ ಗಂಟು, ಚರ್ಮ ಒಳಗೆ ಎಳೆದಂತಾಗುವುದು, ತೊಟ್ಟು ಒಳಸರಿಯುವುದು, ತೊಟ್ಟಿನಿಂದ ರಕ್ತ ಕಂಡರೆ ನೋವಿಲ್ಲವೆಂದು ಕಾಯಬೇಡಿ, ಈ ವಾರವೇ ವೈದ್ಯರಿಗೆ ತೋರಿಸಿ. ಹೆಚ್ಚಿನ ಗಂಟುಗಳು ಕ್ಯಾನ್ಸರ್ ಆಗಿರುವುದಿಲ್ಲ, ಆದರೆ ಅದನ್ನು ಹೇಳಬೇಕಾದದ್ದು ಪರೀಕ್ಷೆ. 30 ದಾಟಿದ ಮಹಿಳೆಯರಿಗೆ ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ಸ್ತನ ತಪಾಸಣೆಯ ವ್ಯವಸ್ಥೆ ಇದೆ. ಪುರುಷ ವೈದ್ಯರೆಂದು ಸಂಕೋಚವಾದರೆ ವೈದ್ಯೆಯನ್ನು ಕೇಳಿ ಪಡೆಯಿರಿ. ಮನಸ್ಸು ಕುಗ್ಗಿ ಯಾರಲ್ಲೂ ಹೇಳಿಕೊಳ್ಳಲಾಗದಿದ್ದರೆ 14416ಕ್ಕೆ ಕರೆ ಮಾಡಿ. ಅದು ಸರಕಾರದ ಉಚಿತ ಟೆಲಿ ಮಾನಸ್ ಸೇವೆ.

ಗಂಡಸರಿಗೂ ಒಂದು ಮಾತು. ಇವತ್ತು ರಾತ್ರಿ ಊಟವಾದ ಮೇಲೆ ಮೊಬೈಲ್ ಬದಿಗಿಟ್ಟು, "ಮೈಗೆ ಹುಷಾರಿದೆಯಾ?" ಎಂದು ಹೆಂಡತಿಯನ್ನೂ ಅಮ್ಮನನ್ನೂ ಕೇಳಿ. ಉತ್ತರ ಬರುವವರೆಗೂ ಅಲ್ಲೇ ಕುಳಿತಿರಿ.