ಶರಾವತಿ ಹಿನ್ನೀರಿನಲ್ಲಿ ಆದಿ ಜಲಜನಕದ ಶೋಧ

ಲೋಲಕದ ಪ್ರಯೋಗ ಮುಗಿದ ಮೇಲೆ ವಿದ್ಯಾರ್ಥಿಗಳ ರೆಕಾರ್ಡ್ ಪುಸ್ತಕ ತೆರೆದರೆ ಎಲ್ಲರ ಉತ್ತರವೂ 9.8! ದಾರ ಸಡಿಲವಿದ್ದರೂ, ಎಣಿಕೆ ತಪ್ಪಿದರೂ ಉತ್ತರ ಮಾತ್ರ ತಪ್ಪುವುದಿಲ್ಲ. ಇಂಥವರು ತಿಳಿಯಬೇಕಾದ ಸಂಗತಿಯೊಂದು ನಮ್ಮ ರಾಜ್ಯದಲ್ಲೇ ನಡೆದಿದೆ.

ಮಹಾಸ್ಫೋಟವಾದ ಎಷ್ಟೋ ಕಾಲದವರೆಗೆ ವಿಶ್ವದಲ್ಲಿ ನಕ್ಷತ್ರಗಳಿರಲಿಲ್ಲ. ಇದ್ದದ್ದು ಬಹುಪಾಲು ಜಲಜನಕ, ಸ್ವಲ್ಪ ಹೀಲಿಯಂ. ಈ ಅನಿಲವೇ ಗುರುತ್ವದಿಂದ ಅಲ್ಲಲ್ಲಿ ಒಟ್ಟುಗೂಡಿ ನಕ್ಷತ್ರ, ಗೆಲಾಕ್ಸಿ, ಗೆಲಾಕ್ಸಿಗಳ ಗುಂಪುಗಳಾದವು. ಆ ಆದಿ ಅನಿಲವನ್ನು ಈಗ ಗುರುತಿಸುವುದು ಹೇಗೆ? ಜಲಜನಕದ ಪರಮಾಣು 21 ಸೆಂ.ಮೀ. ಉದ್ದದ ರೇಡಿಯೋ ಅಲೆಯನ್ನು ಸೂಸುತ್ತದೆ, ಹೀರುತ್ತದೆ. ವಿಶ್ವ ಹಿಗ್ಗಿದಂತೆ ಅಲೆಯೂ ಹಿಗ್ಗುತ್ತದೆ. ಮೊದಲ ನಕ್ಷತ್ರಗಳ ಕಾಲದ ಅಲೆ ನಮ್ಮನ್ನು ತಲುಪುವಾಗ ಸುಮಾರು 4 ಮೀಟರ್ ಆಗಿರುತ್ತದೆ. ಇದು ಎಫ್.ಎಂ. ಪ್ರಸಾರದ ಅಲೆಗಳಿಗೆ ತೀರ ಹತ್ತಿರ. ಆದ್ದರಿಂದ ಊರುಗಳ ಗದ್ದಲದಿಂದ ದೂರ ಹೋಗಿಯೇ ಹುಡುಕಬೇಕು.

2018ರಲ್ಲಿ ಅಮೆರಿಕದ ತಂಡವೊಂದು ಪಶ್ಚಿಮ ಆಸ್ಟ್ರೇಲಿಯಾದ ನಿರ್ಜನ ಪ್ರದೇಶದಲ್ಲಿ 'ಎಡ್ಜಸ್' ಎಂಬ ಉಪಕರಣವಿಟ್ಟು, 78 ಮೆಗಾಹರ್ಟ್ಸ್ ಬಳಿ ಆ ಸಂಕೇತ ಸಿಕ್ಕಿತೆಂದು ಪ್ರಕಟಿಸಿತು. ಸಂಕೇತ ನಿರೀಕ್ಷೆಗಿಂತ ಎಷ್ಟೋ ಪ್ರಬಲವಾಗಿತ್ತು. ಅದನ್ನು ವಿವರಿಸಲು ಹೊಸ ಭೌತಶಾಸ್ತ್ರವೇ ಬೇಕೇನೋ ಎಂಬ ಚರ್ಚೆ ಎದ್ದಿತು.

ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು ಇದನ್ನು ಪರೀಕ್ಷಿಸಹೊರಟರು. ಅವರೇ ನಿರ್ಮಿಸಿದ ಉಪಕರಣ 'ಸರಸ್-3'. ನೆಲದ ಮೇಲಿಟ್ಟರೆ ಕೆಳಗಿನ ಮಣ್ಣು, ಕಲ್ಲುಗಳ ಪದರಗಳು ಅಳತೆಯನ್ನು ಕೆಡಿಸುತ್ತವೆ. ನೀರಾದರೋ ಎಲ್ಲೆಡೆ ಒಂದೇ ಸಮ. ಆದ್ದರಿಂದ 2020ರ ಆರಂಭದಲ್ಲಿ ಆಂಟೆನಾವನ್ನು ತೆಪ್ಪದ ಮೇಲೆ ಕೂರಿಸಿ, ದಂಡಿಗಾನಹಳ್ಳಿ ಕೆರೆಯಲ್ಲೂ ಶರಾವತಿ ಹಿನ್ನೀರಿನಲ್ಲೂ ತೇಲಿಬಿಟ್ಟರು. ಮುನಿರಾಬಾದ್ ಅಣೆಕಟ್ಟಿನ ಹಿಂದಿನ ನೀರಿನ ಹರವನ್ನು ಕಂಡ ನಮ್ಮ ಮಕ್ಕಳಿಗೆ ಈ ದೃಶ್ಯವನ್ನು ಊಹಿಸುವುದು ಕಷ್ಟವಲ್ಲ.

2022ರ ಫೆಬ್ರವರಿಯಲ್ಲಿ 'ನೇಚರ್ ಆಸ್ಟ್ರಾನಮಿ' ಪತ್ರಿಕೆಯಲ್ಲಿ ಫಲಿತಾಂಶ ಹೊರಬಂತು: ಆಸ್ಟ್ರೇಲಿಯಾದಲ್ಲಿ ಕಂಡಿತೆಂದ ಸಂಕೇತ ಇಲ್ಲಿ ಕಾಣಲಿಲ್ಲ. ಅದು ಆದಿ ಜಲಜನಕದ್ದಲ್ಲ ಎಂದು ಶೇ. 95ಕ್ಕೂ ಮಿಕ್ಕ ಖಾತರಿಯಿಂದ ಅವರು ಹೇಳಿದರು. ನಿಜವಾದ ಸಂಕೇತದ ಹುಡುಕಾಟ ಮುಂದುವರಿದಿದೆ.

ವರ್ಷಗಟ್ಟಲೆ ದುಡಿದು 'ಇಲ್ಲ' ಎಂದು ಬರೆಯುವುದು ಸುಲಭವಲ್ಲ. ಜಗತ್ತೇ ಮೆಚ್ಚಿದ ಉತ್ತರಕ್ಕೆ ತಮ್ಮ ಅಳತೆಯನ್ನು ಹೊಂದಿಸದೆ, ಬಂದದ್ದನ್ನು ಬಂದಂತೆಯೇ ಬರೆದರಲ್ಲ, ಅದೇ ವಿಜ್ಞಾನ. ಪಾಲಕರೇ, ಮಗು ಪ್ರಯೋಗ ಮುಗಿಸಿ ಮನೆಗೆ ಬಂದಾಗ 'ಉತ್ತರ ಸರಿ ಬಂತೇ?' ಎನ್ನಬೇಡಿ. 'ನಿನಗೆ ಎಷ್ಟು ಬಂತು?' ಎಂದು ಕೇಳಿ. 9.3 ಎಂದರೆ ಗದರಬೇಡಿ, ಏಕೆ ಹಾಗೆ ಬಂತೆಂದು ಜೊತೆಗೆ ಕುಳಿತು ಹುಡುಕಿ.